ಕಾಂಪ್ಯಾಕ್ಟ್ ಸ್ಟ್ರೈಕರ್ ಪಿಸ್ತೂಲು: ಕಂಪನಿ ಹೆಸರಿಗಿಂತ ಮೊದಲು ಟ್ರಿಗರ್ ನೋಡಿ

ಪೆರಡಾಲ · ಬದಿಯಡ್ಕ

ಪಿಸ್ತೂಲಿನ ಮಾತು ನಮ್ಮ ಈ ಚರ್ಚೆಯ ಬಳಗದಲ್ಲಿ ಆಗಾಗ ಬರುತ್ತದೆ. ಬಂದಾಗಲೆಲ್ಲ ಕಂಪನಿಯ ಹೆಸರಿನಲ್ಲಿ ಶುರುವಾಗಿ ಹೆಸರಿನಲ್ಲೇ ಮುಗಿಯುತ್ತದೆ. ಗ್ಲಾಕ್ ಒಳ್ಳೆಯದಾ, ಸಿಗ್ ಒಳ್ಳೆಯದಾ? ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ನನ್ನ ಕೆಲಸ ಟೆಕ್ಸಾಸಿನಲ್ಲಿ. ಗ್ರೀನ್ ಕಾರ್ಡ್ ಇದೆ. ಅಲ್ಲಿ ನನ್ನದೊಂದು 9 ಎಂ.ಎಂ. ಕಾಂಪ್ಯಾಕ್ಟ್, ಅಂದರೆ ಮಧ್ಯಮ ಗಾತ್ರದ ಪಿಸ್ತೂಲು ಇದೆ. ಈಗ ಮಳೆಗಾಲಕ್ಕೆ ಊರಿಗೆ ಬಂದಿದ್ದೇನೆ, ಅದು ಅಲ್ಲೇ ಸೇಫಿನಲ್ಲಿ ಬೀಗ ಹಾಕಿಕೊಂಡಿದೆ. ಯಾವ ಕಂಪನಿಯದ್ದು ಅಂತ ಹೇಳುವುದಿಲ್ಲ. ಹೇಳಿದರೆ ಚರ್ಚೆ ಮತ್ತೆ ಅಲ್ಲಿಗೇ ಹೋಗುತ್ತದೆ.

ಸ್ಟ್ರೈಕರ್ ಅಂದರೆ ಏನು ಅಂತ ಗೊತ್ತಿಲ್ಲದವರಿಗೆ ಎರಡು ಮಾತು. ಹ್ಯಾಮರ್ ಇರುವ ಪಿಸ್ತೂಲಿನಲ್ಲಿ ಹಿಂದುಗಡೆಯ ಹ್ಯಾಮರ್ ಬಂದು ಪಿನ್ನಿಗೆ ಹೊಡೆಯುತ್ತದೆ, ಪಿನ್ ಹೋಗಿ ತೋಟೆಗೆ ಹೊಡೆಯುತ್ತದೆ. ಸ್ಟ್ರೈಕರಿನಲ್ಲಿ ಹ್ಯಾಮರ್ ಇಲ್ಲವೇ ಇಲ್ಲ. ಸ್ಲೈಡಿನ (ಪಿಸ್ತೂಲಿನ ಮೇಲುಗಡೆ ಹಿಂದೆ ಮುಂದೆ ಸರಿಯುವ ಭಾಗ) ಒಳಗೆ ಸ್ಪ್ರಿಂಗಿನ ಜೋರಿನಲ್ಲಿ ಮುಂದೆ ಹಾರುವ ಪಿನ್ ಒಂದೇ. ಭಾಗಗಳು ಕಮ್ಮಿ. ಹೊರಗೆ ಬಟ್ಟೆಗೆ ಸಿಕ್ಕಿಕೊಳ್ಳುವಂಥದ್ದು ಏನೂ ಇಲ್ಲ. ಮೊದಲ ಈಡಿಗೂ ಕೊನೆಯ ಈಡಿಗೂ ಟ್ರಿಗರ್ ಒಂದೇ ಥರ ಇರುತ್ತದೆ. ಆಸ್ಟ್ರಿಯಾದ ಸೈನ್ಯ 1982ರಲ್ಲಿ ಗ್ಲಾಕ್ 17 ತೆಗೆದುಕೊಂಡ ಮೇಲೆ ಜಗತ್ತೆಲ್ಲ ಇದೇ ದಾರಿಗೆ ಬಂತು. 1988ರಲ್ಲಿ ಗ್ಲಾಕ್ 19 ಬಂತು. 102 ಮಿ.ಮೀ. ಬ್ಯಾರೆಲ್ (ನಳಿಗೆ), 15 ತೋಟೆ. ಇವತ್ತು ಕಾಂಪ್ಯಾಕ್ಟ್ ಅಂದರೆ ಎಲ್ಲರೂ ಅಳೆಯುವುದು ಈ ಅಳತೆಯಿಂದಲೇ. 2017ರ ಸಿಝಡ್ ಪಿ-10 ಸಿ ಕೂಡ ಹೆಚ್ಚುಕಮ್ಮಿ ಅದೇ ಗಾತ್ರ.

ಇನ್ನು ನಾನು ಹೇಗೆ ನೋಡುತ್ತೇನೆ ಅಂತ ಹೇಳುತ್ತೇನೆ. ಮೊದಲು ಹಿಡಿ. ತೋಟೆ ತುಂಬುವ ಮ್ಯಾಗಜೀನ್ ತೆಗೆದು, ಸ್ಲೈಡ್ ಹಿಂದೆ ಎಳೆದು, ಹಾರುವ ತೋಟೆ ಕೂರುವ ಚೇಂಬರ್ ಖಾಲಿ ಇದೆ ಅಂತ ಕಣ್ಣಿನಿಂದಲೂ ಬೆರಳಿನಿಂದಲೂ ಖಾತ್ರಿ ಮಾಡಿಕೊಂಡು ಕೈಗೆ ತೆಗೆದುಕೊಳ್ಳಬೇಕು. ಕಣ್ಣು ಮುಚ್ಚಿ ಸುರಕ್ಷಿತ ದಿಕ್ಕಿಗೆ ಎತ್ತಬೇಕು, ಆಮೇಲೆ ಕಣ್ಣು ಬಿಡಬೇಕು. ಗುರಿ ನೋಡುವ ಮುಂದಿನ ಸೈಟ್ ಹಿಂದಿನ ಸೈಟಿನ ನಡುವೆ ತಾನಾಗಿ ಕೂತಿದ್ದರೆ ಹಿಡಿ ನಿಮ್ಮ ಕೈಗೆ ಸರಿಯಾಗಿದೆ. ತೋರುಬೆರಳಿನ ಮೊದಲ ಗೆಣ್ಣಿನ ಮುಂದಿನ ಭಾಗ ಕಷ್ಟವಿಲ್ಲದೆ ಟ್ರಿಗರಿಗೆ ಸಿಗಬೇಕು. ಬೆರಳು ಸಾಲದೆ ಇಡೀ ಕೈಯನ್ನು ತಿರುಗಿಸಬೇಕಾಗಿ ಬಂದರೆ ಎಷ್ಟು ಹೊಗಳಿಕೆ ಕೇಳಿದ್ದರೂ ಅದನ್ನು ಬಿಡಿ. ಈಗಿನ ಹೆಚ್ಚಿನ ಪಿಸ್ತೂಲುಗಳಲ್ಲಿ ಹಿಡಿಯ ಹಿಂಬದಿಯ ಪಟ್ಟಿ ಬದಲಿಸಬಹುದು. ಸಣ್ಣ ಕೈಯವರು ಅದನ್ನು ಕೇಳಿಯೇ ತೆಗೆದುಕೊಳ್ಳಬೇಕು.

ಎರಡನೆಯದು ಟ್ರಿಗರ್, ನನಗೆ ಎಲ್ಲಕ್ಕಿಂತ ಮುಖ್ಯ. ಎಳೆಯುವಾಗ ಮೊದಲು ಸ್ವಲ್ಪ ದೂರ ಸಡಿಲವಾಗಿ ಬರುತ್ತದೆ. ಆಮೇಲೆ ಒಂದು ಕಡೆ ತಡೆದು ನಿಲ್ಲುತ್ತದೆ. ಅಲ್ಲಿಂದ ಮುಂದಕ್ಕೆ ಒತ್ತಿದರೆ ಈಡು. ಬಿಟ್ಟಾಗ 'ಟಕ್' ಅಂತ ವಾಪಸು ಕೂರುತ್ತದೆ. ಆ ತಡೆ ಎಲ್ಲಿದೆ ಅಂತ ಬೆರಳಿಗೆ ಪ್ರತಿ ಸಲ ಗೊತ್ತಾಗಬೇಕು. ತಡೆ ದಾಟಿದ ಮೇಲೆ ಮರಳು ಸಿಕ್ಕಿದಂತೆ ಕರಕರ ಅನ್ನಬಾರದು. ಹಗುರವಾದಷ್ಟೂ ಒಳ್ಳೆಯದು ಅಂತ ಹಲವರು ಅಂದುಕೊಂಡಿದ್ದಾರೆ. ಸೊಂಟದಲ್ಲಿ ಇಟ್ಟುಕೊಳ್ಳುವ ಪಿಸ್ತೂಲಿಗೆ ಅದು ಸರಿಯಲ್ಲ. 10 ಮೀಟರ್ ಏರ್ ಪಿಸ್ತೂಲು ಸ್ಪರ್ಧೆಯಲ್ಲಿ ಟ್ರಿಗರ್ ಎಳೆಯಲು ಬೇಕಾದ ಭಾರ ಕನಿಷ್ಠ 500 ಗ್ರಾಂ ಇದ್ದರೆ ಸಾಕು, ಯಾಕೆಂದರೆ ಅಲ್ಲಿ ಎಲ್ಲರೂ ಗುರಿಯ ಕಡೆಗೇ ಮುಖ ಮಾಡಿ ನಿಂತಿರುತ್ತಾರೆ. ಸೊಂಟದ ಪಿಸ್ತೂಲಿಗೆ ಎರಡು, ಎರಡೂವರೆ ಕಿಲೋ ಬೇಕು.

ಮೂರನೆಯದು ಗಾತ್ರ. 2018ರಲ್ಲಿ ಸಿಗ್ ಪಿ365 ಬಂದ ಮೇಲೆ ಅಂಗೈಯಷ್ಟು ಪಿಸ್ತೂಲಿನಲ್ಲೂ 10 ತೋಟೆ ಹಿಡಿಯುತ್ತದೆ. ಅಡಗಿಸಲು ಬಹಳ ಸುಲಭ. ಆದರೆ ತೂಕ ಇಳಿದಷ್ಟೂ ಒದೆತ ಜಾಸ್ತಿ. ಕಿರುಬೆರಳಿಗೆ ಜಾಗ ಇಲ್ಲದಿದ್ದರೆ ಹಿಡಿತವೂ ಕಮ್ಮಿ. ಹೊಸಬರಿಗೆ ನಾನು ಕಾಂಪ್ಯಾಕ್ಟನ್ನೇ ಹೇಳುತ್ತೇನೆ. ತೀರಾ ಸಣ್ಣದರಲ್ಲಿ ಅಭ್ಯಾಸ ಮಾಡಲು ಮನಸ್ಸೇ ಬರುವುದಿಲ್ಲ, ಕೈ ನೋಯುತ್ತದೆ.

ಅಮೆರಿಕದ ರೇಂಜುಗಳಲ್ಲಿ ಬಾಡಿಗೆಗೆ ಪಿಸ್ತೂಲು ಸಿಗುತ್ತದೆ. ಕೊಳ್ಳುವ ಮೊದಲು ಎರಡು ಮೂರು ಮಾದರಿಗಳನ್ನು ಒಂದೇ ದಿನ, ಒಂದೇ ಜಾತಿಯ ತೋಟೆಯಲ್ಲಿ ಹೊಡೆದು ನೋಡಿದರೆ ಯಾವ ವಿಡಿಯೋವೂ ಹೇಳದ ಸಂಗತಿ ತಿಳಿಯುತ್ತದೆ. ನನ್ನದರ ಬಗ್ಗೆ ಎರಡು ಬೇಸರ ಇದೆ. ಸ್ಲೈಡ್ ತಡೆಯುವ ಗುಂಡಿ ತುಂಬ ಸಣ್ಣದು, ಬೆವರಿದ ಕೈಗೆ ಸಿಗುವುದಿಲ್ಲ. ಜೊತೆಗೆ ಬಂದ ಸೈಟ್ ಮಸುಕು ಬೆಳಕಿನಲ್ಲಿ ಕಾಣುವುದಿಲ್ಲ, ಬದಲಿಸಬೇಕಾಯಿತು. ಟ್ರಿಗರ್ ಮಾತ್ರ ಮೊದಲ ದಿನದಿಂದ ಚೆನ್ನಾಗಿದೆ.

ನಿವೃತ್ತ ಹವಾಲ್ದಾರ್ · ಕುಂಬಳೆ

ಚೆನ್ನಾಗಿ ಬರೆದಿದ್ದೀಯಾ ತಮ್ಮ. ಆದರೆ ಒಂದು ವಿಷಯ ಬಿಟ್ಟಿದ್ದೀಯಾ. ಈಡು ಹಾರದಂತೆ ತಡೆಯುವ ಹೆಬ್ಬೆರಳಿನ ಸೇಫ್ಟಿ ಎಲ್ಲಿ?

ನಾನು ಸೇವೆಯಲ್ಲಿ ಇಟ್ಟುಕೊಂಡದ್ದು ಇಶಾಪುರದ ಸರ್ಕಾರಿ ಕಾರ್ಖಾನೆಯ 9 ಎಂ.ಎಂ. 1ಎ ಪಿಸ್ತೂಲು. ಬ್ರೌನಿಂಗ್ ಹೈಪವರಿನ ವಿನ್ಯಾಸ, 13 ತೋಟೆ. ಹ್ಯಾಮರ್ ಕಣ್ಣಿಗೆ ಕಾಣುತ್ತದೆ. ಸೇಫ್ಟಿ ಮೇಲಿದೆಯೋ ಕೆಳಗಿದೆಯೋ ಕತ್ತಲಲ್ಲೂ ಹೆಬ್ಬೆರಳಿಗೆ ತಿಳಿಯುತ್ತದೆ. ನೀನು ಹೇಳುವ ಪಿಸ್ತೂಲಿನಲ್ಲಿ ಟ್ರಿಗರ್ ನಡುವೆ ಒಂದು ಸಣ್ಣ ನಾಲಗೆ ಇಟ್ಟು ಅದನ್ನೇ ಸೇಫ್ಟಿ ಅನ್ನುತ್ತಾರೆ. ಬೆರಳು ಇಟ್ಟರೆ ಅದೂ ಒತ್ತಿ ಹೋಗುತ್ತದೆ. ಬೆರಳಲ್ಲದೆ ಬೇರೆ ಏನಾದರೂ ಹೊಕ್ಕರೂ ಅಷ್ಟೇ. ದಣಿದ ಮನುಷ್ಯ, ಹೆದರಿದ ಮನುಷ್ಯ ಬೆರಳು ಎಲ್ಲಿ ಇಡುತ್ತಾನೆ ಅಂತ ನಾನು ಕಣ್ಣಾರೆ ನೋಡಿದ್ದೇನೆ. ಹೊಸಬರ ಕೈಗೆ ಸೇಫ್ಟಿ ಇಲ್ಲದ ಪಿಸ್ತೂಲು ಕೊಡಬೇಡಿ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಹೊಸೂರು ಟೂಲ್‌ರೂಮ್

ಹವಾಲ್ದಾರ್ ಅಣ್ಣ ಎತ್ತಿದ ಮಾತಿಗೆ ಯಂತ್ರದ ಕಡೆಯಿಂದ ಸ್ವಲ್ಪ ಸೇರಿಸುತ್ತೇನೆ. ನನ್ನ ಕೆಲಸ ಡೈ ಮತ್ತು ಫಿಕ್ಸ್ಚರ್. ಬಂದೂಕಿನ ಒಳಗಿನ ಕೆಲಸ ನನಗೆ ಬಹಳ ಇಷ್ಟದ ಓದು.

ಎಲ್ಲ ಸ್ಟ್ರೈಕರುಗಳೂ ಒಂದೇ ಅಲ್ಲ. ಗ್ಲಾಕಿನಲ್ಲಿ ಸ್ಲೈಡ್ ಎಳೆದು ಬಿಟ್ಟಾಗ ಸ್ಟ್ರೈಕರ್ ಅರ್ಧ ಮಾತ್ರ ಹಿಂದೆ ನಿಲ್ಲುತ್ತದೆ. ಉಳಿದದ್ದನ್ನು ನಿಮ್ಮ ಬೆರಳು ಟ್ರಿಗರ್ ಎಳೆಯುವಾಗ ಪೂರ್ತಿ ಮಾಡುತ್ತದೆ. ಸಿಗ್ ಪಿ320, ಎಚ್‌ಕೆ ವಿಪಿ9ನಂಥವುಗಳಲ್ಲಿ ಸ್ಲೈಡೇ ಪೂರ್ತಿ ಎಳೆದು ನಿಲ್ಲಿಸುತ್ತದೆ, ಟ್ರಿಗರಿನ ಕೆಲಸ ಬರೀ ಕೊಂಡಿ ಬಿಡುವುದು. ಅದಕ್ಕೇ ಎರಡನೆಯ ಜಾತಿಯ ಟ್ರಿಗರ್ ಬೆರಳಿಗೆ ನಯವಾಗಿ ಬರುತ್ತದೆ. ಅಂಗಡಿಯಲ್ಲಿ ಹಿಡಿದು ನೋಡಿದವರಿಗೆ ಅದೇ ಹಿಡಿಸುತ್ತದೆ.

ಎರಡರಲ್ಲೂ ಸ್ಟ್ರೈಕರಿನ ದಾರಿಗೆ ಅಡ್ಡ ಒಂದು ತಡೆಗುಂಡಿ ಇರುತ್ತದೆ. ಟ್ರಿಗರ್ ಹಿಂದೆ ಬಂದರೆ ಮಾತ್ರ ಅದು ದಾರಿ ಬಿಡುತ್ತದೆ. ಕೆಳಗೆ ಬಿದ್ದರೂ ಈಡು ಹಾರದಿರಲು ಇದೇ ಮುಖ್ಯ ಕಾರಣ. ಆದರೂ 2017ರಲ್ಲಿ ಪಿ320 ಒಂದು ಕೋನದಲ್ಲಿ ಬಿದ್ದಾಗ ಹಾರುತ್ತದೆ ಅಂತ ಬಯಲಾಗಿ ಕಂಪನಿ ಉಚಿತವಾಗಿ ಭಾಗ ಬದಲಿಸಿಕೊಟ್ಟಿತು. ಟ್ರಿಗರ್ ಮುಟ್ಟದೆಯೇ ಹಾರಿತು ಅನ್ನುವ ಮೊಕದ್ದಮೆಗಳು ಆಮೇಲೂ ಅಮೆರಿಕದ ಕೋರ್ಟುಗಳಿಗೆ ಬಂದವು. ಕಂಪನಿ ಅದನ್ನು ಒಪ್ಪಿಲ್ಲ. ಇನ್ನೊಂದು ವಿಷಯ. ಅದೇ ವರ್ಷ ಅಮೆರಿಕದ ಸೈನ್ಯ ಇದೇ ಪಿ320ಯನ್ನು ಎಂ17, ಎಂ18 ಅಂತ ತೆಗೆದುಕೊಂಡಾಗ ಹೆಬ್ಬೆರಳಿನ ಸೇಫ್ಟಿ ಬೇಕು ಅಂತ ಹಾಕಿಸಿಕೊಂಡಿತು. ಅಣ್ಣನ ಮಾತಿಗೆ ಬೆಂಬಲ ಅಲ್ಲೂ ಇದೆ.

ಪೆರಡಾಲ · ಬದಿಯಡ್ಕ

ಹವಾಲ್ದಾರ್ ಅಣ್ಣ, ಸೈನಿಕ ಟ್ರಕ್ಕಿನಲ್ಲಿ, ಬಂಕರಿನಲ್ಲಿ, ಹತ್ತು ಜನರ ನಡುವೆ ಪಿಸ್ತೂಲು ಇಟ್ಟುಕೊಳ್ಳುತ್ತಾನೆ. ಅಲ್ಲಿ ಸೇಫ್ಟಿ ಬೇಕು ಅನ್ನುವುದನ್ನು ನಾನು ಪೂರ್ತಿ ಒಪ್ಪುತ್ತೇನೆ. ನನ್ನ ವಿಷಯದಲ್ಲಿ ಸೇಫ್ಟಿಯ ಕೆಲಸ ಮಾಡುವುದು ಹೋಲ್‌ಸ್ಟರ್, ಅಂದರೆ ಪಿಸ್ತೂಲಿನ ಒರೆ. ಟ್ರಿಗರನ್ನು ಪೂರ್ತಿ ಮುಚ್ಚುವ ಗಟ್ಟಿ ಕೈಡೆಕ್ಸ್ ಪ್ಲಾಸ್ಟಿಕ್ಕಿನ ಹೋಲ್‌ಸ್ಟರ್ ಇಲ್ಲದೆ ಸ್ಟ್ರೈಕರ್ ಪಿಸ್ತೂಲನ್ನು ಸೊಂಟಕ್ಕೆ ಇಡಲೇಬಾರದು. ಹಳೆಯ ಮೆತ್ತಗಿನ ಚರ್ಮದ ಹೋಲ್‌ಸ್ಟರಿನ ಬಾಯಿ ಮಡಚಿ ಒಳಗೆ ಹೋಗುತ್ತದೆ. ಜಾಕೆಟಿನ ದಾರವೂ ಒಳಗೆ ಸಿಕ್ಕಿಕೊಳ್ಳಬಹುದು. ಅಪಘಾತ ಆಗುವುದು ಪಿಸ್ತೂಲು ತೆಗೆಯುವಾಗ ಮಾತ್ರ ಅಲ್ಲ, ವಾಪಸು ಇಡುವಾಗಲೂ ಆಗುತ್ತದೆ. ಅದಕ್ಕೆ ನಾನು ಹೋಲ್‌ಸ್ಟರನ್ನು ಬಿಚ್ಚಿ, ಮೇಜಿನ ಮೇಲೆ ಪಿಸ್ತೂಲನ್ನು ಅದರೊಳಗೆ ಕೂರಿಸಿ, ಆಮೇಲೆ ಒಟ್ಟಿಗೆ ಸೊಂಟಕ್ಕೆ ಕಟ್ಟುತ್ತೇನೆ.

ಇನ್ನೊಂದು ಎಚ್ಚರಿಕೆ. ಗ್ಲಾಕ್ ಬಿಚ್ಚುವ ಮೊದಲು ಟ್ರಿಗರ್ ಎಳೆಯಬೇಕು. ಚೇಂಬರಿನಲ್ಲಿ ತೋಟೆ ಉಳಿದಿದ್ದರೆ ಏನಾಗುತ್ತದೆ ಅಂತ ಹೇಳಬೇಕಾಗಿಲ್ಲ. ಪಿ320, ಪಿ365ಗಳಲ್ಲಿ ಬದಿಯ ಲಿವರ್ ತಿರುಗಿಸಿದರೆ ಸಾಕು. ಮಾದರಿಗಳನ್ನು ಹೋಲಿಸುವವರು ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ನಿವೃತ್ತ ಹವಾಲ್ದಾರ್ · ಕುಂಬಳೆ

ಹೋಲ್‌ಸ್ಟರ್ ಒಳಗೆ ಇದ್ದಾಗ ಸರಿ. ಹೊರಗೆ ತೆಗೆದ ಮೇಲೆ? ನನ್ನ ಅಭಿಪ್ರಾಯ ಬದಲಾಗಿಲ್ಲ. ಮೇಜಿನ ಮೇಲೆ ಕೂರಿಸುವ ಪದ್ಧತಿ ಮಾತ್ರ ಒಳ್ಳೆಯದು, ಮೆಚ್ಚಿದೆ.

ಉಪ್ಪಳ ಟೀಚರ್

ಪೆರಡಾಲದವರೇ, ಯಂತ್ರದ ವಿಷಯ ನನಗೆ ಅಷ್ಟು ತಿಳಿಯುವುದಿಲ್ಲ. ಮನೆಯಲ್ಲಿ ಮಕ್ಕಳಿದ್ದಾರಲ್ಲ, ಏನು ಮಾಡುತ್ತೀರಿ?

ಪೆರಡಾಲ · ಬದಿಯಡ್ಕ

ಇದನ್ನು ಮೊದಲೇ ಬರೆಯಬೇಕಿತ್ತು ಟೀಚರ್, ಕೇಳಿದ್ದು ಒಳ್ಳೆಯದಾಯಿತು. ನನ್ನ ಮೈಮೇಲೆ ಇಲ್ಲದಾಗ ಪಿಸ್ತೂಲು ಸೇಫಿನಲ್ಲೇ. ಸೇಫ್ ಗೋಡೆಗೆ ಬೋಲ್ಟ್ ಆಗಿದೆ. ಕಪಾಟಿನ ಮೇಲೆ, ದಿಂಬಿನ ಕೆಳಗೆ, ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಇಡುವುದಿಲ್ಲ. ಮಕ್ಕಳಿಗೆ ಗೊತ್ತಿಲ್ಲದ ಜಾಗ ಅಂತ ಮನೆಯಲ್ಲಿ ಇರುವುದಿಲ್ಲ. ಇನ್ನೊಂದು ಸಂಗತಿ ಅಪ್ಪ ಅಮ್ಮಂದಿರು ತಿಳಿಯಬೇಕು. ಈ ಪಿಸ್ತೂಲುಗಳ ಟ್ರಿಗರ್ ಒಂದು ಮಗುವಿನ ಎರಡು ಹೆಬ್ಬೆರಳಿಗೆ ಕಷ್ಟವಲ್ಲ. ಮ್ಯಾಗಜೀನ್ ತೆಗೆದ ಮೇಲೂ ಚೇಂಬರಿನಲ್ಲಿ ಒಂದು ತೋಟೆ ಉಳಿದಿದ್ದರೆ ಹೆಚ್ಚಿನ ಮಾದರಿಗಳಲ್ಲಿ ಅದು ಹಾರುತ್ತದೆ. 'ಮ್ಯಾಗಜೀನ್ ಇಲ್ಲವಲ್ಲ' ಅನ್ನುವ ಧೈರ್ಯ ಬೇಡ.

ಉಪ್ಪಳ ಟೀಚರ್

ಧನ್ಯವಾದ. ನಮ್ಮ ಶಾಲೆಯ ಹುಡುಗಿಯೊಬ್ಬಳು ಪ್ಯಾರಿಸ್‌ನಲ್ಲಿ ಮನು ಭಾಕರ್ ಎರಡು ಪದಕ ಗೆದ್ದಾಗಿನಿಂದ ಶೂಟಿಂಗ್ ಕಲಿಯಬೇಕು ಅನ್ನುತ್ತಿದ್ದಾಳೆ. ಅದಕ್ಕೆ ಲೈಸೆನ್ಸ್ ಬೇಕಾ?

ಹೊಸೂರು ಟೂಲ್‌ರೂಮ್

ಸ್ಪರ್ಧೆಯ 4.5 ಮಿ.ಮೀ. ಏರ್ ಪಿಸ್ತೂಲಿಗೆ ಬಂದೂಕಿನ ಲೈಸೆನ್ಸ್ ಬೇಡ ಅಕ್ಕ. ಒಳ್ಳೆಯ ಕೋಚ್ ಇರುವ ರೇಂಜಿಗೆ ಸೇರಿಸಿ. ಟ್ರಿಗರ್ ಒತ್ತುವ ವಿದ್ಯೆ ಕಲಿಯಲು ಅದಕ್ಕಿಂತ ಒಳ್ಳೆಯ ಜಾಗ ಇಲ್ಲ. ದೊಡ್ಡ ಪಿಸ್ತೂಲು ಹಿಡಿಯುವವರಿಗೂ ಅದೇ ಅಭ್ಯಾಸ ಕೆಲಸಕ್ಕೆ ಬರುತ್ತದೆ.

ಎಣ್ಮಕಜೆ ಹುಡುಗ

ಅಣ್ಣ, ನನ್ನ ಭಾವ ಡಲ್ಲಾಸಿನಲ್ಲಿ ಎಚ್1ಬಿ ವೀಸಾದಲ್ಲಿದ್ದಾರೆ. ಟೆಕ್ಸಾಸಿನಲ್ಲಿ 2021ರಿಂದ ಲೈಸೆನ್ಸೇ ಬೇಡ ಅಂತ ಕೇಳಿ ಒಂದು ತೆಗೆದುಕೊಳ್ಳುವ ಯೋಚನೆಯಲ್ಲಿದ್ದಾರೆ. ಯಾವುದು ಹೇಳಲಿ?

ಪೆರಡಾಲ · ಬದಿಯಡ್ಕ

ದಯವಿಟ್ಟು ಭಾವನನ್ನು ತಡೆಯಿರಿ. ಆ 2021ರ ಬದಲಾವಣೆ ಸೊಂಟದಲ್ಲಿ ಇಟ್ಟುಕೊಂಡು ಓಡಾಡುವ ಬಗ್ಗೆ, ಅದೂ ಕಾನೂನಿನ ಪ್ರಕಾರ ಬಂದೂಕು ಇಟ್ಟುಕೊಳ್ಳಬಹುದಾದವರಿಗೆ ಮಾತ್ರ. ಎಚ್1ಬಿಯಂಥ ತಾತ್ಕಾಲಿಕ ವೀಸಾದವರು ಬಂದೂಕಾಗಲಿ ತೋಟೆಯಾಗಲಿ ಇಟ್ಟುಕೊಳ್ಳುವುದನ್ನು ಅಮೆರಿಕದ ಕೇಂದ್ರ ಕಾನೂನು ನಿಷೇಧಿಸುತ್ತದೆ. ಬೇಟೆಯ ಲೈಸೆನ್ಸ್ ಇದ್ದವರಿಗೆ ಒಂದು ವಿನಾಯಿತಿ ಇದೆ. ಅದನ್ನು ಗೆಳೆಯರ ಮಾತು ಕೇಳಿ ಬಳಸಬಾರದು, ವಕೀಲರ ಹತ್ತಿರ ಹೋಗಬೇಕು. ಇದರಲ್ಲಿ ಎಡವಿದರೆ ವೀಸಾ, ಕೆಲಸ, ಮನೆ ಎಲ್ಲ ಹೋಗುತ್ತದೆ. ಗೆಳೆಯನ ಹೆಸರಿನಲ್ಲಿ ಕೊಳ್ಳುವುದೂ ದೊಡ್ಡ ಅಪರಾಧ. ಅಂಗಡಿಯಲ್ಲಿ ತುಂಬುವ 4473 ಫಾರಂನಲ್ಲಿ ನಿಜವಾಗಿ ಕೊಳ್ಳುವವರು ನೀವೇನಾ ಅಂತಲೇ ಕೇಳಿರುತ್ತಾರೆ.

ಜತ್ತದ ದಾಳಿಂಬೆ

ನಮಸ್ಕಾರ್ರೀ. ನಾನು ಸಾಂಗ್ಲಿ ಜಿಲ್ಲೆಯ ಜತ್ತದವನು. ತೋಟದ ಮನೆ ಊರಿನಿಂದ ದೂರ ಇದೆ. ರಾತ್ರಿ ಹಂದಿ ಕಾಟ, ಒಮ್ಮೊಮ್ಮೆ ಕಳ್ಳರ ಭಯ. ಇಂಥ 9 ಎಂ.ಎಂ. ಒಂದು ತೆಗೆದುಕೊಂಡರೆ ಎರಡಕ್ಕೂ ಆದೀತಾ?

ನಿವೃತ್ತ ಹವಾಲ್ದಾರ್ · ಕುಂಬಳೆ

9 ಎಂ.ಎಂ. ನಮ್ಮ ದೇಶದಲ್ಲಿ ನಿಷೇಧಿತ ಬೋರ್, ಅಂದರೆ ನಿಷೇಧಿಸಿದ ನಳಿಗೆಯ ಅಳತೆ. ಸಾಮಾನ್ಯ ಲೈಸೆನ್ಸಿಗೆ ಬರುವುದಿಲ್ಲ. ಆ ಅಧಿಕಾರ ದಿಲ್ಲಿಯ ಗೃಹ ಸಚಿವಾಲಯದ್ದು. ಹಂದಿಗೆ ಪಿಸ್ತೂಲು ಬೇಡವೇ ಬೇಡ. ಗಾಯಗೊಂಡ ಹಂದಿ ನಿಮ್ಮ ಮೇಲೇ ಬರುತ್ತದೆ. ನಮ್ಮ ಕಾಸರಗೋಡಿನಲ್ಲೂ ಅಡಿಕೆ, ಮರಗೆಣಸಿನ ತೋಟಕ್ಕೆ ಹಂದಿ ಕಾಟ ಇದೆ. ಇಲ್ಲಿ 2022ರಿಂದ ಪಂಚಾಯತ್ ಅಧ್ಯಕ್ಷರೇ ಲೈಸೆನ್ಸ್ ಇರುವ ಕೋವಿಯವರಿಗೆ ಅನುಮತಿ ಕೊಡಬಹುದು. ಅದಕ್ಕೆ ಬಳಸುವುದು ಉದ್ದ ಕೋವಿ. ನಿಮ್ಮಲ್ಲಿ ನಿಯಮ ಬೇರೆ, ಅರಣ್ಯ ಇಲಾಖೆಯವರನ್ನು ಕೇಳಿ.

ಜತ್ತದ ದಾಳಿಂಬೆ

ತಿಳೀತ್ರೀ ಅಣ್ಣಾರ. ಹಂದಿ ವಿಷಯ ಬಿಟ್ಟೆ. ಕಳ್ಳರಿಗೆ ನಾಯಿ, ಲೈಟು, ಗೇಟು ಮೊದಲು ಮಾಡಿಸುತ್ತೇನೆ.

ಮಡಕಶಿರಾ

ಹಾಗಾದರೆ ನಮ್ಮ ಲೈಸೆನ್ಸಿಗೆ ಏನು ಸಿಗುತ್ತದೆ? ಅಮೆರಿಕದ ಬೆಲೆ ಕೇಳಿದರೆ ಆಸೆ ಆಗುತ್ತದೆ.

ಹೊಸೂರು ಟೂಲ್‌ರೂಮ್

ಅಲ್ಲಿ 500ರಿಂದ 700 ಡಾಲರಿಗೆ ಒಳ್ಳೆಯ ಕಾಂಪ್ಯಾಕ್ಟ್ ಸಿಗುತ್ತದೆ. ಇಲ್ಲಿ ಸಾಮಾನ್ಯ ಜನರ ಪಾಲಿಗೆ ಮುಖ್ಯವಾಗಿ .32 ಬೋರ್. ಕಾನ್ಪುರದ ರಿವಾಲ್ವರುಗಳು ಇವೆ. 2014ರ ನಿರ್ಭೀಕ್ ಟೈಟಾನಿಯಂ ಮಿಶ್ರಲೋಹದ್ದು, ಬಿಡುಗಡೆಯಾದಾಗಲೇ ಬೆಲೆ ಲಕ್ಷ ದಾಟಿತ್ತು. 2023ರಲ್ಲಿ ಪ್ರಬಲ್ ಬಂತು. ಪಿಸ್ತೂಲೇ ಬೇಕು ಅಂದರೆ ಇಶಾಪುರದ ಅಶನಿ.

ಒಂದು ತಾಂತ್ರಿಕ ಮಾತು, ಇದು ಕೊಳ್ಳುವಾಗ ಕೆಲಸಕ್ಕೆ ಬರುತ್ತದೆ. 9 ಎಂ.ಎಂ. ಕಾಂಪ್ಯಾಕ್ಟುಗಳಲ್ಲಿ ಬ್ಯಾರೆಲ್ ಮತ್ತು ಸ್ಲೈಡ್ ಒಂದಕ್ಕೊಂದು ಕೊಂಡಿ ಹಾಕಿಕೊಂಡು ಸ್ವಲ್ಪ ದೂರ ಒಟ್ಟಿಗೆ ಹಿಂದೆ ಬರುತ್ತವೆ. .32 ಪಿಸ್ತೂಲುಗಳಲ್ಲಿ ಸಾಮಾನ್ಯವಾಗಿ ಆ ಕೊಂಡಿ ಇಲ್ಲ. ಸ್ಲೈಡಿನ ತೂಕ ಮತ್ತು ಸ್ಪ್ರಿಂಗಿನ ಬಲವೇ ಎಲ್ಲವನ್ನೂ ತಡೆಯಬೇಕು. ಅದಕ್ಕೇ ಸ್ಪ್ರಿಂಗ್ ಗಟ್ಟಿ. ತೋಟೆ ಸಣ್ಣದಾದರೂ ಸ್ಲೈಡ್ ಎಳೆಯಲು ವಯಸ್ಸಾದವರಿಗೆ ಕಷ್ಟ. ತೆಗೆದುಕೊಳ್ಳುವ ಮೊದಲು ಅಂಗಡಿಯಲ್ಲೇ ಎಳೆದು ನೋಡಿ. ಆಗದಿದ್ದರೆ ರಿವಾಲ್ವರ್ ವಾಸಿ.

ಮುಳ್ಳೇರಿಯ

ಚರ್ಚೆ ಆಸಕ್ತಿಯಿಂದ ಓದುತ್ತಿದ್ದೇನೆ. ನಮ್ಮ ತಂದೆಯ ಕಾಲದ .32 ಬ್ರೌನಿಂಗ್ ಒಂದು ಈಗ ನನ್ನ ಲೈಸೆನ್ಸಿನಲ್ಲಿದೆ. ಬೆಲ್ಜಿಯಂನ ಎಫ್ಎನ್ ಮುದ್ರೆ, 1910ರ ಮಾದರಿ. ಹೊರಗೆ ಹ್ಯಾಮರ್ ಇಲ್ಲ. ಹಾಗಾದರೆ ಇದೂ ಸ್ಟ್ರೈಕರೇನಾ?

ಹೊಸೂರು ಟೂಲ್‌ರೂಮ್

ಹೌದು ಸಾರ್! ಬಹಳ ಸಂತೋಷವಾಯಿತು. ಜಾನ್ ಬ್ರೌನಿಂಗ್ ಮಾಡಿದ ಈ ವಿನ್ಯಾಸ ಪೂರ್ತಿ ಸ್ಟ್ರೈಕರ್. ಬ್ಯಾರೆಲಿನ ಸುತ್ತ ಸ್ಪ್ರಿಂಗ್ ಸುತ್ತಿಟ್ಟದ್ದರಿಂದ ಅಷ್ಟು ತೆಳ್ಳಗೆ, ದುಂಡಗೆ ಬಂತು. ಏಳು ತೋಟೆ. ಹೆಬ್ಬೆರಳಿಗೆ ಒಂದು ಸೇಫ್ಟಿ, ಹಿಡಿಯ ಹಿಂದೆ ಒಂದು, ಮ್ಯಾಗಜೀನ್ ತೆಗೆದರೆ ಟ್ರಿಗರ್ ನಿಲ್ಲಿಸುವ ಇನ್ನೊಂದು. ಹವಾಲ್ದಾರ್ ಅಣ್ಣನಿಗೆ ಇದು ಇಷ್ಟವಾಗಬೇಕು.

ಆದರೆ ಈಗಿನ ಪಿಸ್ತೂಲುಗಳ ತಡೆಗುಂಡಿ ಇದರಲ್ಲಿ ಇಲ್ಲ. ಸ್ಲೈಡ್ ಎಳೆದರೆ ಸ್ಟ್ರೈಕರ್ ಪೂರ್ತಿ ಹಿಂದೆ ನಿಂತಿರುತ್ತದೆ, ಹೊರಗಿನಿಂದ ಕಾಣುವುದೂ ಇಲ್ಲ. ಎಷ್ಟೋ ದಶಕಗಳ ಹಳೆಯ ಕೊಂಡಿ, ಹಳೆಯ ಸ್ಪ್ರಿಂಗ್. ಚೇಂಬರಿನಲ್ಲಿ ತೋಟೆ ಇಟ್ಟು ಇದನ್ನು ಜೊತೆಯಲ್ಲಿ ಒಯ್ಯಬೇಡಿ. ಮನೆಯಲ್ಲಿ ಬಿಚ್ಚಿ ಸ್ಪ್ರಿಂಗ್ ಬದಲಿಸಲೂ ಹೋಗಬೇಡಿ. ಲೈಸೆನ್ಸ್ ಇರುವ ರಿಪೇರಿಯವರಿಗೇ ತೋರಿಸಿ.

ನಿವೃತ್ತ ಹವಾಲ್ದಾರ್ · ಕುಂಬಳೆ

ನಮ್ಮ ಕರಾವಳಿಯ ಮಳೆಗಾಲದಲ್ಲಿ ಹಳೆಯ ಉಕ್ಕಿಗೆ ತುಕ್ಕು ಬೇಗ ಹಿಡಿಯುತ್ತದೆ. ಹೊಸ ಪಿಸ್ತೂಲುಗಳ ಸ್ಲೈಡಿಗೆ ನೈಟ್ರೈಡ್ ಸಂಸ್ಕರಣೆ ಇರುತ್ತದೆ, ಬೆವರು ತಾಗಿದರೂ ತಡೆಯುತ್ತದೆ. ಬ್ರೌನಿಂಗಿನ ಹಳೆಯ ಬಣ್ಣ ಹಾಗಲ್ಲ. ಚರ್ಮದ ಚೀಲದಲ್ಲಿ ಇಟ್ಟಿದ್ದರೆ ಇವತ್ತೇ ಹೊರಗೆ ತೆಗೆಯಿರಿ. ಚರ್ಮ ತೇವ ಎಳೆದು ಹಿಡಿದಿಡುತ್ತದೆ. ಒಣ ಬಟ್ಟೆಯಿಂದ ಒರೆಸಿ, ತೆಳ್ಳಗೆ ಎಣ್ಣೆ ಸವರಿ, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಬೀಗದ ಪೆಟ್ಟಿಗೆಯಲ್ಲಿಡಿ. ಎಣ್ಣೆ ಸುರಿಯಬೇಡಿ. ಜಾಸ್ತಿಯಾದರೆ ತೋಟೆಯ ಕ್ಯಾಪಿಗೆ ಇಳಿದು ತೋಟೆ ಹಾಳು. ಚುನಾವಣೆ ಹೊತ್ತಿನಲ್ಲಿ ಠಾಣೆಗೆ ಜಮೆ ಮಾಡುವಾಗಲೂ ಹೀಗೇ ಒರೆಸಿ ಕೊಡಿ. ವಾಪಸು ಬಂದ ದಿನ ಮತ್ತೊಮ್ಮೆ ನೋಡಿ.

ಮುಳ್ಳೇರಿಯ

ಚರ್ಮದ ಚೀಲದಿಂದ ತೆಗೆದಿಟ್ಟೆ ಅಣ್ಣ. ಮುಂದಿನ ವಾರ ಮಂಗಳೂರಿಗೆ ಹೋಗುವುದಿದೆ. ಅಲ್ಲಿ ಯಾರಾದರೂ ರಿಪೇರಿಯವರಿಗೆ ತೋರಿಸಬಹುದಾ?

ಪೆರಡಾಲ · ಬದಿಯಡ್ಕ

ಹೊರಡುವ ಮೊದಲು ಲೈಸೆನ್ಸಿನಲ್ಲಿ ಯಾವ ಪ್ರದೇಶಕ್ಕೆ ಅಂತ ಬರೆದಿದೆ ನೋಡಿ. ಜಿಲ್ಲೆಗೆ ಮಾತ್ರವೋ, ಕೇರಳಕ್ಕೆ ಮಾತ್ರವೋ, ಇಡೀ ಭಾರತಕ್ಕೋ ಅಂತ ಇರುತ್ತದೆ. ಅದರಲ್ಲಿ ಕರ್ನಾಟಕ ಸೇರಿಲ್ಲದಿದ್ದರೆ ಗಡಿಯ ತಲಪಾಡಿ ದಾಟಿದ ಕೂಡಲೇ ನಿಮ್ಮ ಕೈಯಲ್ಲಿರುವುದು ಲೈಸೆನ್ಸ್ ಇಲ್ಲದ ಪಿಸ್ತೂಲು. ಆಸ್ಪತ್ರೆ, ಕಾಲೇಜು, ಸಂತೆ ಎಲ್ಲಕ್ಕೂ ನಾವು ಮಂಗಳೂರಿಗೇ ಹೋಗುತ್ತೇವೆ. ಗಡಿ ಅನ್ನುವುದು ನಮಗೆ ನೆನಪೇ ಇರುವುದಿಲ್ಲ. ಜತ್ತದವರು ವಿಜಯಪುರಕ್ಕೆ ಹೋಗುವಾಗ, ಹೊಸೂರಿನವರು ಅತ್ತಿಬೆಲೆ ದಾಟುವಾಗ, ಮಡಕಶಿರಾದವರು ಕರ್ನಾಟಕಕ್ಕೆ ಬರುವಾಗ ಇದೇ ಮಾತು. ನೀವು ಬರಹದಲ್ಲಿ ಅನುಮತಿ ಕೊಡದೆ ಮನೆಯವರ ಕೈಯಲ್ಲಿ ರಿಪೇರಿಗೆ ಕಳಿಸುವ ಹಾಗೂ ಇಲ್ಲ. 

ನಿವೃತ್ತ ಹವಾಲ್ದಾರ್ · ಕುಂಬಳೆ

ಅವಧಿಯೂ ನೋಡಿ. 2019ರ ತಿದ್ದುಪಡಿಯಿಂದ ಲೈಸೆನ್ಸ್ ಐದು ವರ್ಷಕ್ಕೆ ಬರುತ್ತದೆ, ಹಳೆಯದು ಮೂರೇ ವರ್ಷಕ್ಕೆ ಇದ್ದೀತು. ಅದೇ ತಿದ್ದುಪಡಿಯಲ್ಲಿ ಒಬ್ಬರಿಗೆ ಎರಡೇ ಬಂದೂಕು ಅಂತಲೂ ಆಗಿದೆ. ತಂದೆಯ ಕೋವಿಗಳೂ ನಿಮ್ಮ ಹೆಸರಿಗೆ ಬಂದಿದ್ದರೆ ಲೆಕ್ಕ ಹಾಕಿ.

ಮುಳ್ಳೇರಿಯ

ಈಗ ತೆಗೆದು ನೋಡಿದೆ. ಕೇರಳ ಮಾತ್ರ ಅಂತ ಇದೆ. ಮಂಗಳೂರಿಗೆ ಒಯ್ಯುವುದಿಲ್ಲ. ಕೇರಳದಲ್ಲೇ ಲೈಸೆನ್ಸ್ ಇರುವ ರಿಪೇರಿಯವರು ಎಲ್ಲಿದ್ದಾರೆ, ಇಡೀ ಭಾರತಕ್ಕೆ ವಿಸ್ತರಿಸಲು ಏನೇನು ಕಾಗದ ಬೇಕು ಅಂತ ಸೋಮವಾರ ವಿದ್ಯಾನಗರದ ಕಲೆಕ್ಟರೇಟಿನಲ್ಲಿ ಕೇಳುತ್ತೇನೆ. ಉತ್ತರ ಸಿಕ್ಕಿದ ಮೇಲೆ ಇಲ್ಲೇ ಬರೆಯುತ್ತೇನೆ. ಕೋವಿಗಳು ನನ್ನ ಹೆಸರಲ್ಲಿ ಇಲ್ಲ ಅಣ್ಣ, ಇದು ಒಂದೇ.